ಬ್ರೇಕಿಲ್ಲದ ಬೈಕು, ಹರಳೆಣ್ಣೆಯ ಹೊಗೆ

1911ರ ಸುಮಾರಿಗೆ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ತಯಾರಾದ ‘ಇಂಡಿಯನ್’ ಎಂಬ ಕಂಪನಿಯ ಎಂಟು ವಾಲ್ವಿನ ರೇಸ್ ಬೈಕಿನಲ್ಲಿ ಬ್ರೇಕ್ ಹುಡುಕಿದರೆ ಸಿಗುವುದಿಲ್ಲ. ಗೇರೂ ಇಲ್ಲ. ಇನ್ನೊಂದು ಬೈಕಿನಿಂದ ಎಳೆಸಿಯೋ ತಳ್ಳಿಸಿಯೋ ಸ್ಟಾರ್ಟ್ ಮಾಡಬೇಕು. ಸೈಕಲ್ಲಿನಂಥ ತೆಳು ಚೌಕಟ್ಟಿನೊಳಗೆ 1000 ಸಿಸಿಯ, ಎರಡು ಸಿಲಿಂಡರಿನ ವಿ ಆಕಾರದ ಎಂಜಿನ್ ಕೂರಿಸಿದ್ದಾರೆ, ಅಷ್ಟೇ.

ಈ ಬೈಕು ಓಡುತ್ತಿದ್ದುದು ಮರದ ಹಲಗೆಗಳ ಗುಂಡನೆಯ ಟ್ರ್ಯಾಕಿನಲ್ಲಿ. ಸುತ್ತಳತೆ ಮೈಲಿಯ ಮೂರನೇ ಒಂದು ಭಾಗವಿದ್ದರೆ ತ್ರಿಜ್ಯ ಸುಮಾರು 85 ಮೀಟರ್. ಅಲ್ಲಿ ಗಂಟೆಗೆ 145 ಕಿ.ಮೀ. ವೇಗದಲ್ಲಿ, ಟೈರಿನ ಹಿಡಿತವನ್ನು ನೆಚ್ಚದೆ, ಜಾರದೆ ತಿರುಗಲು ಟ್ರ್ಯಾಕು ಸುಮಾರು 63 ಡಿಗ್ರಿಯಷ್ಟು ಓರೆಯಾಗಿರಬೇಕು. ಆಗ ಟೈರಿನ ಮೇಲೆ ಬೀಳುವ ಭಾರ ಎರಡು ಪಟ್ಟಿಗೂ ಹೆಚ್ಚು. ಗೋಡೆಯೆಂದರೂ ನಡೆದೀತು.

ವೇಗ ತಗ್ಗಿಸುವುದು ಹೇಗೆ? ಕಾರ್ಬ್ಯುರೇಟರ್ ಸದಾ ಪೂರ್ತಿ ತೆರೆದೇ ಇರುತ್ತಿತ್ತು. ಹ್ಯಾಂಡಲಿನ ಗುಂಡಿ ಒತ್ತಿದರೆ ಪೆಟ್ರೋಲ್ ಹೊತ್ತಿಸಲು ಮ್ಯಾಗ್ನೆಟೊ ಎಂಬ ಪುಟ್ಟ ವಿದ್ಯುತ್ ಯಂತ್ರ ಕೊಡುವ ಕಿಡಿ ನಿಲ್ಲುತ್ತದೆ, ಬಿಟ್ಟರೆ ಮತ್ತೆ ಪೂರ್ತಿ ಶಕ್ತಿ. ಕಿಡಿಯಿಲ್ಲದ ಹೊತ್ತಿನಲ್ಲಿ ಉರಿಯದೆ ಹೊರಬಿದ್ದ ಪೆಟ್ರೋಲ್ ಆವಿ, ಕಿಡಿ ಮರಳಿದಾಗ ಸೈಲೆನ್ಸರೇ ಇಲ್ಲದ ಎಕ್ಸಾಸ್ಟಿನಲ್ಲಿ ಢಂ ಎಂದು ಹೊತ್ತಿಕೊಳ್ಳುತ್ತಿತ್ತು. ಜನ ಮರುಳಾದದ್ದು ಆ ಬೆಂಕಿಗೂ ಹೌದು. 1912ರ ಸೆಪ್ಟೆಂಬರ್ 8ರಂದು ನ್ಯೂಜೆರ್ಸಿಯ ನ್ಯೂಆರ್ಕಿನಲ್ಲಿ ರೇಸುಗಾರ ಎಡ್ಡಿ ಹಾಷಾನ ಬೈಕು ಪ್ರೇಕ್ಷಕರತ್ತ ನುಗ್ಗಿ, ಅವನ ಜತೆ ನೋಡಲು ಬಂದವರೂ ಸತ್ತರು.

ವಾಲ್ವು ಎಂದರೆ ಸಿಲಿಂಡರಿನ ಒಳಹೊರಗೆ ಗಾಳಿ ಬಿಡುವ ಮುಚ್ಚಳ; ಅದು ಎದ್ದಾಗ ಅಂಚಿನ ಸುತ್ತಲ ಸಂದಿಯಲ್ಲಿ ಗಾಳಿ ನುಸುಳುತ್ತದೆ. ಒಂದು ಸಿಲಿಂಡರಿಗೆ ನಾಲ್ಕು ವಾಲ್ವು ಏಕೆಂದರೆ ಲೆಕ್ಕ ಸರಳ: 50 ಮಿ.ಮೀ. ವ್ಯಾಸದ ಒಂದು ವಾಲ್ವಿನ ಸುತ್ತಳತೆ 157 ಮಿ.ಮೀ. ಹೆಚ್ಚುಕಡಿಮೆ ಅಷ್ಟೇ ಜಾಗ ಹಿಡಿಯುವ 35 ಮಿ.ಮೀ.ನ ಎರಡು ವಾಲ್ವುಗಳದ್ದು 220. ಅಷ್ಟೇ ಎತ್ತರಕ್ಕೆ ಎದ್ದರೂ ಗಾಳಿಗೆ ದಾರಿ ಶೇ 40ರಷ್ಟು ಹೆಚ್ಚು. ಸಣ್ಣ ವಾಲ್ವು ಬೇಗ ತಣಿಯುತ್ತದೆ ಕೂಡ; ಆ ಕಾಲದ ಉಕ್ಕಿನಲ್ಲಿ ದೊಡ್ಡ ಎಕ್ಸಾಸ್ಟ್ ವಾಲ್ವಿನ ತಲೆ ಕಾದು ಮುರಿದು ಬೀಳುವ ಭಯವಿತ್ತು.

ಸವೆತ ತಡೆಯಲು ಎಂಜಿನ್ನಿಗೆ ಹೋದ ಎಣ್ಣೆ ಟ್ಯಾಂಕಿಗೆ ಮರಳುತ್ತಿರಲಿಲ್ಲ. ಸುಟ್ಟು ಹೋಗಬೇಕು, ಇಲ್ಲವೇ ಸೋರಿ ಹಲಗೆಗಳನ್ನು ಜಾರಿಸಬೇಕು. ಸವಾರ ಕೈಪಂಪು ಒತ್ತುವುದು ಮರೆತರೆ ಪಿಸ್ಟನ್ ಸಿಕ್ಕಿಕೊಂಡು ಸೀಜ್, ಹೆಚ್ಚು ಒತ್ತಿದರೆ ಪ್ಲಗ್ಗಿಗೆ ಮಸಿ. ಅಂದಿನ ರೇಸುಗಾರರ ಮೆಚ್ಚಿನ ಎಣ್ಣೆ ನಮ್ಮ ಹರಳೆಣ್ಣೆಯೇ: ಬಿಸಿಯಲ್ಲೂ ಲೋಹವನ್ನು ಬಿಡದು, ಪೆಟ್ರೋಲಿನಲ್ಲಿ ಸುಲಭವಾಗಿ ಕರಗದು. ಆದರೆ ನಿಂತ ಎಂಜಿನ್ನಿನಲ್ಲಿ ಅಂಟಾಗಿ ಪಿಸ್ಟನ್ ರಿಂಗುಗಳನ್ನು ಹಿಡಿದುಬಿಡುತ್ತದೆ. ಇಂದು ಇಂಥ ಬೈಕು ಓಡಿಸುವವರು ಎಂಜಿನ್ ಬಿಸಿಯಿರುವಾಗಲೇ ಎಣ್ಣೆ ಇಳಿಸಬೇಕು. ಮಾಮೂಲಿ ಎಂಜಿನ್ ಆಯಿಲ್ ಹಾಕುವ ಮನಸ್ಸಿದ್ದರೆ, ಹರಳೆಣ್ಣೆಯ ಜಿಡ್ಡನ್ನು ಪೂರ್ತಿ ತೊಳೆದ ಮೇಲೆಯೇ. ಅವೆರಡೂ ಸರಿಯಾಗಿ ಬೆರೆಯುವುದಿಲ್ಲ.