ಜೇಡ ಉಚ್ಚೆ ಹೊಯ್ದರೆ ಗುಳ್ಳೆ ಏಳುತ್ತಾ?

ಪ್ರಶ್ನೆ: ನಮ್ಮ ದಾಸವಾಳದ ಗಿಡದಲ್ಲಿ ಹಳದಿ ಪಟ್ಟೆಯ ದೊಡ್ಡ ಜೇಡ ಬಲೆ ಕಟ್ಟಿದೆ. ಅದು ಮೈಮೇಲೆ ಬಿದ್ದು ಉಚ್ಚೆ ಹೊಯ್ದರೆ ಗುಳ್ಳೆ ಏಳುತ್ತೆ ಅಂತ ನಮ್ಮತ್ತೆ ಹೇಳ್ತಾರೆ. ಮನೇಲಿ ಚಿಕ್ಕ ಮಕ್ಕಳಿದ್ದಾರೆ. ತೆಗೆಸಿಬಿಡೋದಾ?

ತೆಗೆಸಬೇಡಿ. ಮಳೆ ಹಿಡಿಯಿತು ಅಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ಈ ಸಲ ಪೂರ್ತಿಯಾಗಿ ಬರೆದುಬಿಡುತ್ತೇನೆ.

ನೀವು ನೋಡಿದ್ದು ಸಹಿ ಜೇಡ. ಆರ್ಜಿಯೋಪ್ ಎಂಬ ಕುಲಕ್ಕೆ ಸೇರಿದ್ದು. ಬಲೆಯ ನಟ್ಟನಡುವೆ ತಲೆ ಕೆಳಗೆ ಮಾಡಿ ಕೂತಿರುತ್ತದೆ. ಎಂಟು ಕಾಲನ್ನು ಎರಡೆರಡಾಗಿ ಜೋಡಿಸಿ ಚಾಚಿಕೊಳ್ಳುವುದರಿಂದ ನಾಲ್ಕೇ ಕಾಲು ಇದ್ದ ಹಾಗೆ ಕಾಣುತ್ತದೆ. ಅಷ್ಟು ದೊಡ್ಡದಾಗಿ ಕಾಣುವುದೂ ಆ ಕಾಲುಗಳಿಂದಲೇ. ಮೈ ಮಾತ್ರ ಅಳೆದರೆ ಒಂದು ಸೆಂಟಿಮೀಟರ್ ಆಸುಪಾಸು. ಅದು ಹೆಣ್ಣು. ಗಂಡು ಅದರ ಅರ್ಧದಷ್ಟೂ ಇರುವುದಿಲ್ಲ, ಕಣ್ಣಿಗೆ ಬೀಳುವುದೂ ಕಮ್ಮಿ.

ಈಗ ಉಚ್ಚೆಯ ವಿಷಯ. ಜೇಡ ನಮ್ಮ ಹಾಗೆ ಉಚ್ಚೆ ಹೊಯ್ಯುವುದೇ ಇಲ್ಲ. ಅಷ್ಟು ಚಿಕ್ಕ ಜೀವಕ್ಕೆ ನೀರು ಪೋಲು ಮಾಡಿದರೆ ಪೂರೈಸುವುದಿಲ್ಲ. ಹಾಗಾಗಿ ಮೈಯೊಳಗಿನ ಕೊಳೆಯನ್ನು ಗ್ವಾನಿನ್ ಎಂಬ ಬಿಳಿ ವಸ್ತುವಾಗಿ ಮಾಡಿ ಹಿಕ್ಕೆಯ ಜೊತೆಗೇ ಹೊರಗೆ ಹಾಕುತ್ತದೆ. ಬಲೆಯ ಕೆಳಗಿನ ಎಲೆಯ ಮೇಲೆ ಸುಣ್ಣ ಚಿಮುಕಿಸಿದಂಥ ಚುಕ್ಕೆಗಳಿರುತ್ತವಲ್ಲ, ಅದೇ. ಮೀನಿನ ಮೈಗೆ ಬೆಳ್ಳಿ ಹೊಳಪು ಕೊಡುವುದೂ ಇದೇ ಗ್ವಾನಿನ್. ಮೀನು ಸೋಸುವಾಗ ಆ ಹೊಳಪು ಕೈಗೆ ಮೆತ್ತಿಕೊಂಡು ಯಾರಿಗೂ ಗುಳ್ಳೆ ಎದ್ದಿಲ್ಲ, ಅಲ್ವಾ?

ಆದರೆ ಗುಳ್ಳೆ ಏಳುವುದಂತೂ ನಿಜ. ನಿಮ್ಮತ್ತೆ ಸುಮ್ನೆ ಹೇಳಿದ್ದಲ್ಲ, ಕಣ್ಣಾರೆ ನೋಡಿರುತ್ತಾರೆ. ಅದಕ್ಕೆ ಹೆಚ್ಚಾಗಿ ಕಾರಣ ಬೇರೆ ಎರಡು.

ಒಂದು, ಮಳೆಗಾಲದಲ್ಲಿ ಟ್ಯೂಬ್‌ಲೈಟಿಗೆ ಬರುವ ಒಂದು ಹುಳ. ಇರುವೆಯ ಹಾಗೆ ಸಪೂರ, ಸೆಂಟಿಮೀಟರ್‌ಗಿಂತ ಚಿಕ್ಕದು, ಮೈಮೇಲೆ ಕಿತ್ತಳೆ ಮತ್ತು ಕಪ್ಪು ಪಟ್ಟೆ. ಪೆಡೆರಸ್ ಜಾತಿಯದು. ಅದು ಕಚ್ಚುವುದಿಲ್ಲ, ಕುಟುಕುವುದಿಲ್ಲ. ಕತ್ತಿನ ಮೇಲೆ ಕೂತಾಗ ನಿದ್ದೆಗಣ್ಣಲ್ಲಿ ನಾವೇ ಉಜ್ಜಿಬಿಡುತ್ತೇವೆ. ಹುಳ ಜಜ್ಜಿಹೋಗಿ ಅದರೊಳಗಿನ ಪೆಡೆರಿನ್ ಎಂಬ ವಿಷ ಚರ್ಮಕ್ಕೆ ಹತ್ತುತ್ತದೆ. ಆಗ ಏನೂ ಗೊತ್ತಾಗುವುದಿಲ್ಲ. ಒಂದು ದಿನ ಕಳೆದ ಮೇಲೆ, ಕೈ ಎಳೆದ ದಾರಿಯಲ್ಲೇ ಬರೆ ಹಾಕಿದ ಹಾಗೆ ಕೆಂಪು ಗೆರೆ ಏಳುತ್ತದೆ. ಆಮೇಲೆ ಉರಿ, ಗುಳ್ಳೆ. ಮೊಣಕೈ ಮಡಿಕೆಯಲ್ಲಾದರೆ ಎದುರುಬದುರು ಎರಡು ಗಾಯ. ಕೈ ಮಡಚಿದರೆ ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ. ನನ್ನ ಮಗಳಿಗೆ ಹೀಗೇ ಆಗಿತ್ತು. "ಜೇಡ ಹರಿದಿದೆ ಕಣೇ" ಅಂತ ಅಜ್ಜಿ ತೀರ್ಪು ಕೊಟ್ಟಾಗಿತ್ತು. ದಿಂಬಿನ ಬಟ್ಟೆ ಕೊಡವಿದರೆ ಬಿದ್ದದ್ದು ಅರ್ಧ ಜಜ್ಜಿದ ಕಿತ್ತಳೆ ಹುಳ. ಗುಳ್ಳೆ ಏಳುವ ಹೊತ್ತಿಗೆ ಹುಳ ಕಣ್ಮರೆಯಾಗಿರುತ್ತದೆ, ಜೇಡ ಮಾತ್ರ ಮೂಲೆಯಲ್ಲಿ ಕೂತೇ ಇರುತ್ತದೆ. ಅಪವಾದ ಅದರ ತಲೆಗೆ. ಅಂಥ ಹುಳ ಮೈಮೇಲೆ ಕಂಡರೆ ಹೊಡೆಯಬೇಡಿ, ಊದಿ ಹಾರಿಸಿ. ಜಜ್ಜಿಹೋದರೆ ತಕ್ಷಣ ಸೋಪು ಹಾಕಿ ತೊಳೆಯಿರಿ.

ಎರಡನೆಯದು ಸರ್ಪಸುತ್ತು. ಇದು ವೈರಸ್ಸಿನ ಕಾಯಿಲೆ. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಆಗಿ ವಾಸಿಯಾದವರ ನರದ ಬುಡದಲ್ಲಿ ಆ ವೈರಸ್ ಅಡಗಿ ಕೂತಿರುತ್ತದೆ. ಎಷ್ಟೋ ವರ್ಷದ ಮೇಲೆ ಮತ್ತೆ ಎದ್ದು, ಮೈಯ ಒಂದೇ ಮಗ್ಗುಲಲ್ಲಿ ಪಟ್ಟಿಯ ಹಾಗೆ ಗುಳ್ಳೆ ಎಬ್ಬಿಸುತ್ತದೆ. ಗುಳ್ಳೆಗಿಂತ ಮೊದಲೇ ಆ ಜಾಗದಲ್ಲಿ ನೋವು, ಚುಚ್ಚಿದ ಹಾಗೆ. ಇದಕ್ಕೆ ಮಾತ್ರೆ ಇದೆ. ಗುಳ್ಳೆ ಕಂಡ 72 ಗಂಟೆಯೊಳಗೆ ಶುರು ಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ನನಗೆ ಸಂಕಟವಾಗುವುದು ಇಲ್ಲೇ. ಜೇಡದ ಉಚ್ಚೆ ಅಂದುಕೊಂಡು ಕೆಮ್ಮಣ್ಣು ಬಳಿದುಕೊಂಡು ಕೂತರೆ ಆ ಮೂರು ದಿನ ಕಳೆದೇ ಹೋಗುತ್ತವೆ. ಕಣ್ಣಿನ ಹತ್ತಿರ ಎದ್ದರೆ ದೃಷ್ಟಿಗೇ ಅಪಾಯ. ಹಾಗಾಗಿ ಗುಳ್ಳೆ ಕಂಡರೆ ಜೇಡವನ್ನು ಹುಡುಕಬೇಡಿ, ಡಾಕ್ಟರ ಹತ್ತಿರ ಹೋಗಿ.

ಸಹಿ ಜೇಡ ಕಚ್ಚುವುದೇ ಇಲ್ಲವಾ? ಹಿಡಿದು ಹಿಸುಕಿದರೆ ಕಚ್ಚಬಹುದು. ಸ್ವಲ್ಪ ಹೊತ್ತು ಉರಿ, ಸಣ್ಣ ಊತ, ಅಷ್ಟೇ. ಮಕ್ಕಳಿಗೆ ಮುಟ್ಟಬೇಡಿ, ನೋಡಿ ಅನ್ನಿ.

ನೋಡುವುದಕ್ಕೆ ಬೇಕಾದಷ್ಟಿದೆ. ಬಲೆಗೆ ಒಂದು ಮಿಡತೆ ಬೀಳಲಿ. ಜೇಡ ಓಡಿ ಹೋಗಿ ಮೊದಲು ಕಚ್ಚುವುದಿಲ್ಲ. ಹಿಂಗಾಲುಗಳಿಂದ ಬಿಳಿ ನೂಲನ್ನು ಪಟ್ಟಿಪಟ್ಟಿಯಾಗಿ ಎಳೆದು ಮಿಡತೆಯ ಮೇಲೆ ಎಸೆದು, ಗರಗರ ತಿರುಗಿಸಿ ಸುತ್ತುತ್ತದೆ. ಕಚ್ಚುವುದು ಆಮೇಲೆ. ಚಿಟ್ಟೆ ಬಿದ್ದರೆ ಕ್ರಮ ಬೇರೆ: ಮೊದಲು ಕಚ್ಚು, ಆಮೇಲೆ ಸುತ್ತು. ಚಿಟ್ಟೆಯ ರೆಕ್ಕೆಯ ಹುಡಿ ಉದುರಿ ಅಂಟು ಬಿಟ್ಟುಕೊಳ್ಳುತ್ತದೆ, ತಡ ಮಾಡಿದರೆ ಕೈ ತಪ್ಪುತ್ತದೆ. ಅದಕ್ಕೆ ಎಂಟು ಕಣ್ಣಿದ್ದರೂ ದೃಷ್ಟಿ ಮಂದ. ಬಿದ್ದದ್ದೇನು ಎಂಬುದು ನೂಲಿನ ನಡುಕದಿಂದ, ಕಾಲಿನ ಸ್ಪರ್ಶದಿಂದಲೇ ಗೊತ್ತಾಗಬೇಕು.

ನೀವು ಕೇಳಲಿಲ್ಲ, ಆದರೂ ಆ ಸಹಿಯ ಬಗ್ಗೆ ಹೇಳದೆ ಬಿಡಲು ಮನಸ್ಸಿಲ್ಲ. ಬಲೆಯ ಮಧ್ಯೆ ಬಿಳಿ ಅಂಕುಡೊಂಕು ಗೆರೆಯಲ್ಲಿ ಎಕ್ಸ್ ಆಕಾರ ಇರುತ್ತದಲ್ಲ, ಅದು ಬೇಟೆಯನ್ನು ಸುತ್ತುವ ಜಾತಿಯ ನೂಲೇ. ಯಾಕೆ ಹಾಕುತ್ತದೆ ಎಂಬುದಕ್ಕೆ ವಿಜ್ಞಾನಿಗಳು ಇನ್ನೂ ವಾದ ಮಾಡುತ್ತಿದ್ದಾರೆ. ಆ ನೂಲು ಅತಿನೇರಳೆ ಬೆಳಕಲ್ಲಿ ಹೊಳೆದು ಹುಳಗಳನ್ನು ಸೆಳೆಯುತ್ತದೆ ಎನ್ನುವವರಿದ್ದಾರೆ. ಹಾರಿ ಬರುವ ಹಕ್ಕಿ ಬಲೆ ಹರಿಯದಿರಲಿ ಅಂತ ಎನ್ನುವವರೂ ಇದ್ದಾರೆ. ಮರಿಗಳು ಎಕ್ಸ್ ಹಾಕುವುದಿಲ್ಲ, ತಟ್ಟೆಯ ಹಾಗೆ ದುಂಡಗೆ ನೇಯ್ದು ಅದರ ಹಿಂದೆ ಕೂರುತ್ತವೆ. ಅದನ್ನು ನೋಡಿದಾಗ ನನಗೆ ಮರೆಯಾಗುವುದಕ್ಕೇ ಇರಬೇಕು ಅನಿಸುತ್ತದೆ.

ಬೆಳಗ್ಗೆ ಹೂ ಕೊಯ್ಯಲು ಹೋದಾಗ ದಿನಾ ಒಂದು ನಿಮಿಷ ನಿಂತು ನೋಡಿ. ಹಳೆ ಬಲೆಯನ್ನು ತಾನೇ ತಿಂದು, ಅದೇ ಸರಕಿನಿಂದ ಹೊಸದು ಕಟ್ಟಿರುತ್ತದೆ. ನಿನ್ನೆ ನಾಲ್ಕು ಗೆರೆ ಇದ್ದಲ್ಲಿ ಇವತ್ತು ಎರಡೇ ಇರಬಹುದು. ನಾಳೆ ಒಂದೂ ಇಲ್ಲದಿರಬಹುದು. ಹತ್ತಿರದ ರೆಂಬೆ ಮೆಲ್ಲಗೆ ತಟ್ಟಿದರೆ ಇಡೀ ಬಲೆಯನ್ನು ಉಯ್ಯಾಲೆಯ ಹಾಗೆ ಜೋರಾಗಿ ಅಲುಗಾಡಿಸುತ್ತದೆ. ಆಗ ಪಟ್ಟೆ, ಕಾಲು ಯಾವುದೂ ಬೇರೆಬೇರೆ ಕಾಣದೆ ಒಂದು ಹಳದಿ ಮಸುಕಷ್ಟೇ ಉಳಿಯುತ್ತದೆ.