ಇನ್ನೊಂದು ಕೋವಿಡ್ ಬೂಸ್ಟರ್ ಬೇಕೇ? ನಿರ್ಧಾರಕ್ಕೆ ಬೇಕಾದ ಅಧ್ಯಯನ ಟಿಪ್ಪಣಿ

ಮುಂಬೈ ಬಳಿಯ ಡೊಂಬಿವಲಿ, ಪುಣೆ ಬಳಿಯ ಪಿಂಪ್ರಿ, ಗೋವಾದ ವಾಸ್ಕೋ ಎಲ್ಲೇ ಹೋದರೂ ನಮ್ಮ ಕನ್ನಡದ ಮನೆಗಳಲ್ಲಿ ಆರೋಗ್ಯ ಸ್ವಯಂಸೇವಕರಿಗೆ ಎದುರಾಗುವ ಪ್ರಶ್ನೆ ಇದು: "ಮೂರು ಡೋಸ್ ಆಗಿದೆ, ಇನ್ನೊಂದು ಹಾಕಿಸ್ಬೇಕಾ?" ಇಡೀ ಮನೆಗೆ ಸೇರಿಸಿ ಒಂದೇ ಉತ್ತರ ಕೊಡಲು ಹೊರಟರೆ ತಪ್ಪುವುದು ಖಚಿತ. ಅಜ್ಜಿಗೆ ಹಾಕಿಸಿ, ಮೊಮ್ಮಗನಿಗೆ ಬೇಡ ಎನ್ನುವುದೇ ಎಷ್ಟೋ ಕಡೆ ಸರಿಯಾದ ಸಲಹೆ. ಡೋಸ್‌ಗಳ ಎಣಿಕೆ ಬದಿಗಿಟ್ಟು ಎರಡು ಸಂಗತಿ ಹಿಡಿಯಿರಿ. ಈ ವ್ಯಕ್ತಿಗೆ ಈಗ ಸೋಂಕು ತಗುಲಿದರೆ ಆಸ್ಪತ್ರೆ ಸೇರುವ ಸಂಭವ ಎಷ್ಟು? ಇವರ ದೇಹ ವೈರಸ್ಸನ್ನೋ ಲಸಿಕೆಯನ್ನೋ ಕೊನೆಯ ಸಲ ಕಂಡದ್ದು ಯಾವಾಗ? ಉಳಿದದ್ದೆಲ್ಲ ಇವುಗಳ ಬೆನ್ನಿಗೆ ಬರುತ್ತದೆ.

ಬೂಸ್ಟರ್ ಮಾಡುವ ಕೆಲಸ

ಲಸಿಕೆ ಬಿದ್ದ ಎರಡು ವಾರದೊಳಗೆ ರಕ್ತದಲ್ಲಿ ವೈರಸ್ಸನ್ನು ಹಿಡಿಯುವ ಪ್ರತಿಕಾಯಗಳ (ಆಂಟಿಬಾಡಿ) ಮಟ್ಟ ಏರುತ್ತದೆ. ಮೊದಲ ಎರಡು–ಮೂರು ತಿಂಗಳು ಸೋಂಕು ತಗುಲುವುದನ್ನೇ ಒಂದಷ್ಟು ತಡೆಯುತ್ತದೆ, ಆಮೇಲೆ ಮಟ್ಟ ಇಳಿಯುತ್ತಾ ಬರುತ್ತದೆ. ಆದರೆ ವೈರಸ್ಸಿನ ಗುರುತು ಇಟ್ಟುಕೊಳ್ಳುವ ಬಿಳಿ ರಕ್ತಕಣಗಳು, ಅಂದರೆ ನೆನಪಿನ ಬಿ ಕೋಶ, ಟಿ ಕೋಶಗಳು ಬಹುಕಾಲ ಉಳಿಯುತ್ತವೆ. ಒಮಿಕ್ರಾನ್ ಕುಟುಂಬದ ವೈರಸ್ ಒಳಹೊಕ್ಕ ಸುಮಾರು ಮೂರು ದಿನಕ್ಕೇ ಲಕ್ಷಣ ತೋರಿಸುತ್ತದೆ. ಅಷ್ಟರೊಳಗೆ ನೆನಪಿನ ಕೋಶಗಳಿಗೆ ಸೈನ್ಯ ಕಟ್ಟಲು ಪುರುಸೊತ್ತಿಲ್ಲ, ಹಾಗಾಗಿ ಶೀತ ಜ್ವರ ಬರಬಹುದು. ವೈರಸ್ ಶ್ವಾಸಕೋಶಕ್ಕೆ ಇಳಿಯುವ ಹೊತ್ತಿಗೆ ಅವು ಸಿದ್ಧವಾಗಿರುತ್ತವೆ. "ಲಸಿಕೆ ಹಾಕಿಸಿದ ಮೇಲೂ ಕೋವಿಡ್ ಬಂತಲ್ಲ" ಎನ್ನುವವರಿಗೆ ಉತ್ತರ ಇಲ್ಲಿದೆ.

ವಯಸ್ಸಾದವರಲ್ಲಿ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ತೆಗೆದುಕೊಳ್ಳುವವರಲ್ಲಿ ಈ ನೆನಪೇ ದುರ್ಬಲ. ಅವರಿಗೆ ಬೂಸ್ಟರಿನಿಂದ ಸಿಗುವ ಲಾಭ ದೊಡ್ಡದು. ಎರಡು ಸಲ ಸೋಂಕು, ಎರಡೋ ಮೂರೋ ಡೋಸ್ ಆಗಿರುವ ಮೂವತ್ತರ ತರುಣನಿಗೆ ಅಷ್ಟು ಲಾಭವಿಲ್ಲ.

ಮೊದಲು ಸರ್ಟಿಫಿಕೇಟ್ ಓದಿ

ಸಲಹೆ ಕೊಡುವ ಮುನ್ನ ಕೋವಿನ್ ಸರ್ಟಿಫಿಕೇಟ್ ಕೈಗೆ ತೆಗೆದುಕೊಳ್ಳಿ. ಹೋಟೆಲು, ಕಾರ್ಖಾನೆಗಳಲ್ಲಿ ದುಡಿಯುವ ಎಷ್ಟೋ ಜನರ ನೋಂದಣಿ ಮಾಲೀಕರದ್ದೋ ಸೂಪರ್‌ವೈಸರದ್ದೋ ಮೊಬೈಲ್ ಸಂಖ್ಯೆಯಲ್ಲಿ ಆಗಿರುತ್ತದೆ. ಒಟಿಪಿ ಹೋಗುವುದು ಅದೇ ಸಂಖ್ಯೆಗೆ, ಆದ್ದರಿಂದ ಅದನ್ನು ಮೊದಲು ಪತ್ತೆ ಮಾಡಿ. ಸರ್ಟಿಫಿಕೇಟಿನಲ್ಲಿ ಲಸಿಕೆಯ ಹೆಸರು, ಪ್ರತಿ ಡೋಸಿನ ದಿನಾಂಕ, ಬ್ಯಾಚ್ ಸಂಖ್ಯೆ ಇರುತ್ತವೆ. ಮೂರನೆಯ ಡೋಸ್ ದಾಖಲಾಗಿದೆಯೇ ನೋಡಿ, ಏಕೆಂದರೆ "ಮೂರಾಗಿದೆ" ಎನ್ನುವವರಲ್ಲಿ ಕೆಲವರಿಗೆ ಎರಡೇ ಆಗಿರುತ್ತದೆ.

ನಮ್ಮ ದೇಶದಲ್ಲಿ ಮೂರನೆಯದರ ಅಧಿಕೃತ ಹೆಸರು ಮುನ್ನೆಚ್ಚರಿಕೆ ಡೋಸ್. 2022ರ ಜನವರಿ 10ರಂದು ಆರೋಗ್ಯ ಕಾರ್ಯಕರ್ತರು, ಮುಂಚೂಣಿ ಸಿಬ್ಬಂದಿ ಮತ್ತು ಬೇರೆ ಕಾಯಿಲೆ ಇದ್ದ 60 ದಾಟಿದವರಿಗೆ ಶುರುವಾಯಿತು. ಏಪ್ರಿಲ್ 10ರಿಂದ 18 ದಾಟಿದವರೆಲ್ಲ ಖಾಸಗಿ ಕೇಂದ್ರಗಳಲ್ಲಿ ಹಾಕಿಸಿಕೊಳ್ಳಬಹುದಾಯಿತು. ಎರಡನೆಯ ಡೋಸಿನಿಂದ ಇರಬೇಕಾದ ಅಂತರವನ್ನು ಅದೇ ಜುಲೈಯಲ್ಲಿ ಒಂಬತ್ತು ತಿಂಗಳಿನಿಂದ ಆರಕ್ಕೆ ಇಳಿಸಿದರು. ಜುಲೈ 15ರಿಂದ 75 ದಿನ ಎಲ್ಲ ವಯಸ್ಕರಿಗೂ ಉಚಿತವಾಗಿತ್ತು. ಸರ್ಕಾರಿ ಕಾರ್ಯಕ್ರಮದಲ್ಲಿ ಮುನ್ನೆಚ್ಚರಿಕೆ ಡೋಸ್ ಒಂದೇ ಒಂದು. ನಾಲ್ಕನೆಯದು ಆ ಕಾರ್ಯಕ್ರಮದ ಹೊರಗಿನ ಮಾತು, ರೋಗಿ ಮತ್ತು ವೈದ್ಯರು ಕೂತು ತೀರ್ಮಾನಿಸಬೇಕಾದದ್ದು. ಹೀಗಾಗಿ ಅದಕ್ಕೆ ವೈದ್ಯರ ಚೀಟಿ ಬೇಕು, ಕೇಸ್ ಪೇಪರಿನಲ್ಲಿ ಬರೆಸಿಕೊಳ್ಳಬೇಕು.

ದಿನಾಂಕಗಳ ಪಕ್ಕದಲ್ಲಿ ಸೋಂಕು ಬಂದ ತಿಂಗಳುಗಳನ್ನೂ ಬರೆಯಿರಿ. ಇತ್ತೀಚಿನ ಸೋಂಕಿನಿಂದ ಕನಿಷ್ಠ ಮೂರು ತಿಂಗಳು ಕಳೆದಿರಲಿ. ಸೋಂಕೇ ಒಂದು ಬೂಸ್ಟರಿನಷ್ಟು ಕೆಲಸ ಮಾಡಿರುವುದರಿಂದ ಅದರ ಬೆನ್ನಿಗೇ ಚುಚ್ಚಿಸಿದರೆ ಹೆಚ್ಚಿನ ಲಾಭ ಸಿಗುವುದಿಲ್ಲ.

ಯಾರಿಗೆ ಹೌದು, ಯಾರಿಗೆ ಬೇಡ

ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಗುಂಪು 2023ರಲ್ಲಿ ಜನರನ್ನು ಆದ್ಯತೆಯ ಪ್ರಕಾರ ವಿಂಗಡಿಸಿತು. ತೀರಾ ವಯಸ್ಸಾದವರು, ಗಂಭೀರ ಕಾಯಿಲೆಗಳಿರುವ ಹಿರಿಯರು, ರೋಗನಿರೋಧಕ ಶಕ್ತಿ ಕುಗ್ಗಿದವರು – ಇವರಿಗೆ 6ರಿಂದ 12 ತಿಂಗಳಿಗೊಮ್ಮೆ. ರೋಗಿಗಳ ಜೊತೆ ನೇರವಾಗಿ ಕೆಲಸ ಮಾಡುವ ಆರೋಗ್ಯ ಕಾರ್ಯಕರ್ತರಿಗೆ 12 ತಿಂಗಳಿಗೆ. ಗರ್ಭಿಣಿಯರಿಗೆ ಕೊನೆಯ ಡೋಸ್ ಆಗಿ ಆರು ತಿಂಗಳು ಕಳೆದಿದ್ದರೆ ಒಂದು, ಆದಷ್ಟೂ ಎರಡನೆಯ ತ್ರೈಮಾಸಿಕದಲ್ಲಿ. ಇದರಿಂದ ಹುಟ್ಟುವ ಮಗುವಿಗೂ ಮೊದಲ ತಿಂಗಳುಗಳಲ್ಲಿ ತಾಯಿಯ ಪ್ರತಿಕಾಯಗಳ ಆಸರೆ ಸಿಗುತ್ತದೆ. ಆರೋಗ್ಯವಂತ ವಯಸ್ಕರಿಗೆ ಮೊದಲ ಬೂಸ್ಟರಿನ ನಂತರ ಮತ್ತೆ ಮತ್ತೆ ಹಾಕಿಸುವಂತೆ ಅದು ಹೇಳುವುದಿಲ್ಲ. ಬ್ರಿಟನ್ನು 2024ರ ಶರತ್ಕಾಲದಲ್ಲಿ 65 ದಾಟಿದವರಿಗೆಲ್ಲ ಕೊಟ್ಟು, 2025ರಲ್ಲಿ ವಯಸ್ಸಿನ ಗೆರೆಯನ್ನು 75ಕ್ಕೆ ಏರಿಸಿತು. ನಮ್ಮಲ್ಲಿ 2023ರ ಡಿಸೆಂಬರಿನಲ್ಲಿ ಜೆಎನ್.1 ಎಂಬ ಒಮಿಕ್ರಾನ್ ಉಪತಳಿ ಕಾಣಿಸಿಕೊಂಡಾಗ, ಹೆಚ್ಚುವರಿ ಡೋಸಿನ ಅಗತ್ಯವಿಲ್ಲ ಎಂದು ವೈರಸ್ ತಳಿಗಳ ಮೇಲೆ ಕಣ್ಣಿಡುವ ಪ್ರಯೋಗಾಲಯಗಳ ಸರ್ಕಾರಿ ಒಕ್ಕೂಟ ಇನ್ಸಾಕಾಗ್‌ನ ಅಂದಿನ ಮುಖ್ಯಸ್ಥ ಡಾ. ಎನ್.ಕೆ. ಅರೋರಾ ಹೇಳಿದ್ದರು.

ಅಭ್ಯಾಸಕ್ಕೆ ಒಂದು ಲೆಕ್ಕ ಮಾಡಿ. ಅಂಕಿಗಳು ಲೆಕ್ಕದ ವಿಧಾನ ಕಲಿಯಲು ಊಹಿಸಿಕೊಂಡವು, ಸಮೀಕ್ಷೆಯವಲ್ಲ. ಆರು ತಿಂಗಳಲ್ಲಿ 75 ದಾಟಿದ 10,000 ಮಂದಿಯಲ್ಲಿ 20 ಜನ ಕೋವಿಡ್‌ನಿಂದ ಆಸ್ಪತ್ರೆ ಸೇರುತ್ತಾರೆ, ಬೂಸ್ಟರ್ ಅದನ್ನು ಶೇಕಡಾ 40ರಷ್ಟು ತಗ್ಗಿಸುತ್ತದೆ ಎಂದಿಟ್ಟುಕೊಳ್ಳಿ. ತಪ್ಪಿದ್ದು 8, ಅಂದರೆ ಒಬ್ಬರನ್ನು ಆಸ್ಪತ್ರೆಯಿಂದ ತಪ್ಪಿಸಲು 1,250 ಮಂದಿಗೆ ಚುಚ್ಚಬೇಕು. ಮೂವತ್ತರ ಆಸುಪಾಸಿನ ಆರೋಗ್ಯವಂತರಲ್ಲಿ 10,000ಕ್ಕೆ ಒಬ್ಬರು ಸೇರುತ್ತಾರೆ ಎಂದುಕೊಂಡರೆ ಅದೇ ಶೇಕಡಾ 40ಕ್ಕೆ 25,000 ಮಂದಿಗೆ ಚುಚ್ಚಬೇಕಾಗುತ್ತದೆ. ಲಸಿಕೆ ಒಂದೇ, ಅದರ ಪರಿಣಾಮದ ಪ್ರಮಾಣವೂ ಒಂದೇ, ಲಾಭ ಮಾತ್ರ ಇಪ್ಪತ್ತು ಪಟ್ಟು ಬೇರೆ. "ಶೇಕಡಾ 40 ರಕ್ಷಣೆ" ಎಂದು ಜಾಹೀರಾತಿನಲ್ಲಿ ಕಂಡಾಗ "ಯಾವ ಮಟ್ಟದ ಅಪಾಯದಿಂದ?" ಎಂದು ಕೇಳುವ ಅಭ್ಯಾಸ ಬೆಳೆಸಿಕೊಳ್ಳಿ.

ಈಗ ಮೂರು ಮಾದರಿ ಪ್ರಕರಣ. ಡೊಂಬಿವಲಿಯ 76ರ ಅಜ್ಜಿ, ಶುಗರ್ ಇದೆ, ಹೃದಯಕ್ಕೆ ಸ್ಟೆಂಟ್ ಹಾಕಿದೆ, ಕೊನೆಯ ಡೋಸ್ 2022ರಲ್ಲಿ, ಆಮೇಲೆ ಸೋಂಕು ಬಂದ ನೆನಪಿಲ್ಲ. ಲಸಿಕೆ ಸಿಗುವುದಾದರೆ ಹಾಕಿಸಬೇಕು ಎಂಬುದೇ ನಮ್ಮ ಅಭಿಪ್ರಾಯ. ಮಾಟುಂಗದ ಹೋಟೆಲಿನ 34ರ ಮ್ಯಾನೇಜರ್, ಮೂರು ಡೋಸ್, ಎರಡು ಸಲ ಸೋಂಕು, ಬೇರೆ ಕಾಯಿಲೆ ಇಲ್ಲ. ಇವರಿಗೆ ಬೇಡ. "ಮನೆಯಲ್ಲಿ ಅಪ್ಪನಿಗೆ ಡಯಾಲಿಸಿಸ್ ನಡೀತಿದೆ" ಎಂದರೆ ಅಪ್ಪನಿಗೆ ಹಾಕಿಸಿ. ಮಗನಿಂದ ಹರಡುವುದನ್ನು ಬೂಸ್ಟರ್ ತಡೆಯುವುದು ಕೆಲವೇ ವಾರ. ಜ್ವರ ಬಂದ ದಿನ ಮಾಸ್ಕ್ ಹಾಕಿ ಬೇರೆ ಮಲಗುವುದು ಅದಕ್ಕಿಂತ ಹೆಚ್ಚು ಉಪಯೋಗ.

ಪಿಂಪ್ರಿಯ 52ರ ಒಬ್ಬರು ಸಂಧಿವಾತಕ್ಕೆ ರಿಟುಕ್ಸಿಮ್ಯಾಬ್ ತೆಗೆದುಕೊಳ್ಳುತ್ತಿದ್ದಾರೆ ಎನ್ನಿ. ಇಲ್ಲಿ ಹೌದೋ ಅಲ್ಲವೋ ಎನ್ನುವುದಕ್ಕಿಂತ ಯಾವಾಗ ಎನ್ನುವುದು ಮುಖ್ಯ. ಈ ಔಷಧಿ ಬಿ ಕೋಶಗಳನ್ನೇ ಅಳಿಸುತ್ತದೆ. ಅದು ಏರಿದ ಮರುವಾರ ಲಸಿಕೆ ಕೊಟ್ಟರೆ ಪ್ರತಿಕಾಯ ಹುಟ್ಟಲು ಕೋಶಗಳೇ ಇರುವುದಿಲ್ಲ. ಹಿಂದಿನ ಸರದಿಯಾಗಿ ಸುಮಾರು ಆರು ತಿಂಗಳಾಗಿರಬೇಕು, ಮುಂದಿನದಕ್ಕೆ ಸಾಧ್ಯವಾದರೆ ನಾಲ್ಕು ವಾರ, ಕಡೇಪಕ್ಷ ಎರಡು ವಾರ ಉಳಿದಿರಬೇಕು. ಸಂಧಿವಾತದ ಇನ್ನೊಂದು ಔಷಧಿ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಿಗೆ, ಕಾಯಿಲೆ ಹತೋಟಿಯಲ್ಲಿದ್ದರೆ, ಲಸಿಕೆಯ ನಂತರ ಎರಡು ವಾರ ಅದನ್ನು ನಿಲ್ಲಿಸುವಂತೆ ವೈದ್ಯರು ಹೇಳಬಹುದು. ಯಾರೂ ತಾವಾಗಿಯೇ ನಿಲ್ಲಿಸಬಾರದು. ದಿನಕ್ಕೆ 20 ಮಿಲಿಗ್ರಾಂ ಅಥವಾ ಹೆಚ್ಚು ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡನ್ನು ಎರಡು ವಾರ ಮೀರಿ ತೆಗೆದುಕೊಳ್ಳುತ್ತಿರುವವರನ್ನೂ ಇದೇ ಗುಂಪಿಗೆ ಸೇರಿಸಿ.

ಯಾವ ಲಸಿಕೆ

ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನ ಕೋವಿಶೀಲ್ಡ್ ಚಿಂಪಾಂಜಿ ಅಡಿನೋವೈರಸ್ ಆಧಾರಿತ. ಭಾರತ್ ಬಯೋಟೆಕ್, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಜೊತೆಗೂಡಿ ಮಾಡಿದ ಕೋವ್ಯಾಕ್ಸಿನ್, ನಿಷ್ಕ್ರಿಯಗೊಳಿಸಿದ ಇಡೀ ವೈರಸ್. ಬಯಾಲಜಿಕಲ್ ಇ ಸಂಸ್ಥೆಯ ಕಾರ್ಬೆವ್ಯಾಕ್ಸ್, ಸೀರಮ್‌ನ ಕೋವೊವ್ಯಾಕ್ಸ್ ಎರಡೂ ಪ್ರೋಟೀನ್ ಲಸಿಕೆಗಳು. ಮೂಗಿಗೆ ಹಾಕುವ ಇನ್ಕೋವ್ಯಾಕ್ 2023ರ ಜನವರಿ 26ರಂದು ಬಿಡುಗಡೆಯಾಯಿತು: ಹೊಳ್ಳೆಗೆ ನಾಲ್ಕರಂತೆ ಎಂಟು ಹನಿ. ಇವೆಲ್ಲವೂ 2020ರ ಕಾಲದ ತಳಿಯನ್ನು ಆಧರಿಸಿದವು. ಪುಣೆಯ ಜೆನ್ನೋವಾ 2023ರ ಜೂನಿನಲ್ಲಿ ತಂದ ಜೆಮ್‌ಕೋವ್ಯಾಕ್-ಓಎಂ ಮಾತ್ರ ಒಮಿಕ್ರಾನ್‌ಗಾಗಿ ಮಾಡಿದ ಎಂಆರ್‌ಎನ್‌ಎ (ವೈರಸ್ಸಿನ ಪ್ರೋಟೀನ್ ತಯಾರಿಸುವ ಸೂಚನೆಯನ್ನು ದೇಹಕ್ಕೆ ಕೊಡುವ) ಲಸಿಕೆ. ಸೂಜಿಯಿಲ್ಲದ ಉಪಕರಣದಿಂದ ಚರ್ಮದೊಳಗೆ ಕೊಡುವುದು, ಸಾಮಾನ್ಯ ಫ್ರಿಜ್ಜಿನ 2ರಿಂದ 8 ಡಿಗ್ರಿಯಲ್ಲಿ ಉಳಿಯುವುದು ಅದರ ಹೆಚ್ಚುಗಾರಿಕೆ.

ಹೊರದೇಶಗಳಲ್ಲಿ ಲಸಿಕೆಯ ತಳಿ ಬದಲಾಗುತ್ತಾ ಬಂದಿದೆ: ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಎಕ್ಸ್‌ಬಿಬಿ.1.5, 2024ರಲ್ಲಿ ಜೆಎನ್.1 ಸೂಚಿಸಿತು. 2025ರ ಮೇಯಲ್ಲಿ ಎಲ್‌ಪಿ.8.1ನ್ನೂ ಆಗಬಹುದು ಎಂದಿತು. ಮಕ್ಕಳ ಬಳಿ ಅಮೆರಿಕಕ್ಕೋ ಲಂಡನ್ನಿಗೋ ಹೋಗುವ ಹಿರಿಯರು ಅಲ್ಲಿನ ಫಾರ್ಮಸಿಯಲ್ಲಿ ಹಣ ಕೊಟ್ಟು ಹೊಸ ತಳಿಯದನ್ನು ಹಾಕಿಸಿಕೊಳ್ಳಬಹುದೇ ಎಂದು ಮೊದಲೇ ವಿಚಾರಿಸಲಿ. ಹಳೆಯ ತಳಿಯ ಲಸಿಕೆ ಪೂರ್ತಿ ವ್ಯರ್ಥವಲ್ಲ, ಆದರೆ ಹೊಸ ಉಪತಳಿಗಳ ಎದುರು ಅದು ಎಬ್ಬಿಸುವ ಪ್ರತಿಕಾಯಗಳ ಹಿಡಿತ ಕಡಿಮೆ. ಹಿಂದಿನ ಡೋಸ್‌ಗಿಂತ ಬೇರೆ ಬಗೆಯದು ಸಿಕ್ಕರೆ ಅದು ಒಳ್ಳೆಯ ಆಯ್ಕೆ.

ಆಂಟಿಬಾಡಿ ಟೆಸ್ಟ್ ನೋಡಿ ನಿರ್ಧರಿಸಬಹುದೇ?

ಬೇಡ. ಇಷ್ಟಿದ್ದರೆ ರಕ್ಷಣೆ ಎಂಬ ಒಪ್ಪಿತ ಗೆರೆ ಇಲ್ಲ, ನೆನಪಿನ ಟಿ ಕೋಶಗಳನ್ನು ಆ ಟೆಸ್ಟ್ ಅಳೆಯುವುದೂ ಇಲ್ಲ. ಇನ್ನೊಂದು ಸೂಕ್ಷ್ಮ: ನ್ಯೂಕ್ಲಿಯೊಕ್ಯಾಪ್ಸಿಡ್ (ವೈರಸ್ಸಿನ ಒಳಗಿನ ಒಂದು ಪ್ರೋಟೀನ್) ವಿರುದ್ಧದ ಪ್ರತಿಕಾಯ ಇದ್ದರೆ ಹಿಂದೆ ಸೋಂಕಾಗಿತ್ತು ಎಂದು ಓದುವ ರೂಢಿಯಿದೆ. ಕೋವಿಶೀಲ್ಡ್ ಪಡೆದವರಲ್ಲಿ ಅದು ಸರಿ. ಕೋವ್ಯಾಕ್ಸಿನ್‌ನಲ್ಲಿ ಇಡೀ ವೈರಸ್ ಇರುವುದರಿಂದ ಸೋಂಕಿಲ್ಲದೆಯೂ ಆ ಪ್ರತಿಕಾಯ ಹುಟ್ಟಬಹುದು.

ಭಯಗಳು

2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ವಾಟ್ಸಾಪಿನಲ್ಲಿ ಇಲ್ಲಿನ ಮನೆಗಳಿಗೂ ಬಂದವು, ಜೊತೆಗೆ ಲಸಿಕೆಯ ಮೇಲಿನ ಅನುಮಾನವೂ ಬಂತು. ಈ ಭಯ ಕೇಳಿಸಿಕೊಳ್ಳಬೇಕಾದದ್ದೇ, ತಳ್ಳಿಹಾಕಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ 19 ರಾಜ್ಯ, ಕೇಂದ್ರಾಡಳಿತ ಪ್ರದೇಶಗಳ 47 ಆಸ್ಪತ್ರೆಗಳ ಮೂಲಕ 18ರಿಂದ 45 ವಯಸ್ಸಿನವರ ಹಠಾತ್ ಸಾವುಗಳನ್ನು ಅಧ್ಯಯನ ಮಾಡಿತು. ಲಸಿಕೆ ಅಪಾಯ ಹೆಚ್ಚಿಸಿದ್ದು ಕಾಣಲಿಲ್ಲ. ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಕುಟುಂಬದಲ್ಲಿ ಹಠಾತ್ ಸಾವಿನ ಇತಿಹಾಸ, ಸಾವಿಗೆ ಮುಂಚಿನ ದಿನಗಳ ಅತಿ ಕುಡಿತ ಮತ್ತು ಅತಿ ಶ್ರಮ – ಅಪಾಯ ಹೆಚ್ಚಿಸಿದ್ದು ಇವು.

ಕೋವಿಶೀಲ್ಡಿನ ಅಪರೂಪದ ರಕ್ತ ಹೆಪ್ಪುಗಟ್ಟುವ ತೊಂದರೆ ನಿಜ. ಅದು ಹೆಚ್ಚಾಗಿ ಮೊದಲ ಡೋಸಿನ ನಂತರ, 4ರಿಂದ 42 ದಿನಗಳೊಳಗೆ ಕಾಣಿಸುತ್ತದೆ. 2021ರಲ್ಲಿ ಹಾಕಿಸಿಕೊಂಡವರು ಈಗ ಅದಕ್ಕಾಗಿ ರಕ್ತ ಪರೀಕ್ಷೆ ಮಾಡಿಸುವ ಅಗತ್ಯವಿಲ್ಲ. ಆದರೆ ಆಗ ಆ ತೊಂದರೆ ಆಗಿದ್ದವರಿಗೆ ಅಡಿನೋವೈರಸ್ ಲಸಿಕೆ ಮತ್ತೆ ಕೊಡಬಾರದು. ಎಂಆರ್‌ಎನ್‌ಎ ಲಸಿಕೆಗಳಲ್ಲಿ ಹೃದಯ ಸ್ನಾಯುವಿನ ಉರಿಯೂತ ಕಂಡದ್ದು ಹೆಚ್ಚಾಗಿ ಹದಿಹರೆಯದ ಮತ್ತು ತರುಣ ಗಂಡಸರಲ್ಲಿ, ಒಂದು ವಾರದೊಳಗೆ. ಅವರಿಗೆ ಲಾಭವೂ ಕಡಿಮೆ ಎಂಬುದನ್ನು ಜೊತೆಯಲ್ಲಿ ಇಟ್ಟು ನೋಡಿ.

ಹಾಕಿಸುವ ದಿನ

ಮೊದಲು ಫೋನ್ ಮಾಡಿ. ದಾಸ್ತಾನು ಇದೆಯೇ, ಯಾವ ಲಸಿಕೆ, ಅವಧಿ ಯಾವಾಗ ಮುಗಿಯುತ್ತದೆ, ಬಾಟಲಿಯಲ್ಲಿ ಎಷ್ಟು ಡೋಸ್ ಎಂದು ಕೇಳಿ. ಹತ್ತು ಡೋಸಿನ ಕೋವಿಶೀಲ್ಡ್ ಬಾಟಲಿಯನ್ನು ತೆರೆದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕೆಂಬುದು ಕಾರ್ಯಕ್ರಮದ ನಿಯಮ. ಒಬ್ಬರಿಗಾಗಿ ತೆರೆಯಲಾರರು, ಆದ್ದರಿಂದ ಯಾವ ದಿನ ಜನ ಸೇರುತ್ತಾರೋ ಅಂದು ಹೋಗಬೇಕು.

ಊಟ ಮಾಡಿ, ಬಿಪಿ, ಶುಗರ್ ಮಾತ್ರೆ ಎಂದಿನಂತೆ ತೆಗೆದುಕೊಂಡು ಹೋಗಲಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್ ನಿಲ್ಲಿಸಬೇಡಿ. ವಾರ್ಫರಿನ್‌ನವರು ಇತ್ತೀಚಿನ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಪರೀಕ್ಷೆ) ರಿಪೋರ್ಟ್ ತರಲಿ. 23 ಗೇಜ್ ಅಥವಾ ಅದಕ್ಕಿಂತ ಸಣ್ಣ ಸೂಜಿ ಬಳಸಿ, ಚುಚ್ಚಿದ ಜಾಗವನ್ನು ಉಜ್ಜದೆ ಕನಿಷ್ಠ ಎರಡು ನಿಮಿಷ ಒತ್ತಿ ಹಿಡಿಯಬೇಕು. ಡಯಾಲಿಸಿಸ್‌ನ ಫಿಸ್ಟುಲಾ (ಡಯಾಲಿಸಿಸ್‌ಗಾಗಿ ಜೋಡಿಸಿದ ರಕ್ತನಾಳ) ಇರುವ ಕೈಗೆ, ಸ್ತನ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳ ಗಂಟು ತೆಗೆದಿರುವ ಬದಿಯ ಕೈಗೆ ಚುಚ್ಚಿಸಬೇಡಿ.

ಬಿಗಿ ತೋಳಿನ ರವಿಕೆ ಒಂದು ನಿಜವಾದ ತೊಂದರೆ. ತೋಳನ್ನು ಅರ್ಧ ಮಡಚಿ, ಅಥವಾ ಕುತ್ತಿಗೆಯ ಕಡೆಯಿಂದ ಬಟ್ಟೆ ಜಾರಿಸಿ ಕೊಟ್ಟರೆ ಸೂಜಿಗೆ ಸರಿಯಾದ ಜಾಗ ಕಾಣುವುದಿಲ್ಲ. ಭುಜದ ಮೂಳೆಯ ತುದಿಯಿಂದ ಎರಡು–ಮೂರು ಬೆರಳು ಕೆಳಗಿನ ದಪ್ಪ ಸ್ನಾಯುವೇ ಜಾಗ. ಅದಕ್ಕಿಂತ ಮೇಲೆ ಬಿದ್ದರೆ ಕೀಲಿನ ಸುತ್ತ ಉರಿಯೂತವಾಗಿ ತಿಂಗಳುಗಟ್ಟಲೆ ಕೈ ಎತ್ತಲಾಗದಂತಾಗಬಹುದು. ಸಡಿಲ ತೋಳಿನದನ್ನು ಉಟ್ಟು ಬರಲು ಹಿಂದಿನ ದಿನವೇ ಹೇಳಿ.

ಆಮೇಲೆ 30 ನಿಮಿಷ ಅಲ್ಲೇ ಕೂರಬೇಕು. ಜ್ವರ, ಮೈಕೈ ನೋವು ಬಂದರೆ ಪ್ಯಾರಾಸಿಟಮಾಲ್ 500 ಅಥವಾ 650 ಮಿಲಿಗ್ರಾಂ, ಆರು ಗಂಟೆ ಅಂತರದಲ್ಲಿ, ದಿನಕ್ಕೆ 3 ಗ್ರಾಂ ಮೀರದಂತೆ. ಮುಂಚಿತವಾಗಿ ನುಂಗುವುದು ಬೇಡ. ಫ್ಲೂ ಲಸಿಕೆಯನ್ನು ಅದೇ ದಿನ ಇನ್ನೊಂದು ಕೈಗೆ ಕೊಡಬಹುದು. ಮುಂಬೈ, ಪುಣೆ, ಗೋವಾದಲ್ಲಿ ಫ್ಲೂ ಮಳೆಗಾಲದಲ್ಲಿ ಏರುವುದರಿಂದ ಅದಕ್ಕೆ ಏಪ್ರಿಲ್–ಮೇ ಒಳ್ಳೆಯ ಸಮಯ. ಹಿರಿಯರನ್ನು ಎರಡು ಸಲ ಓಡಾಡಿಸುವುದೂ ತಪ್ಪುತ್ತದೆ.

ಎದೆನೋವು, ಉಸಿರಾಟದ ತೊಂದರೆ, ಬಿಡದ ತಲೆನೋವು, ಕಾಲಿನ ಬಾವು, ಚರ್ಮದ ಮೇಲೆ ಸಣ್ಣ ಕೆಂಪು ಚುಕ್ಕೆ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಲಸಿಕೆಯ ಹೆಸರು, ದಿನಾಂಕ ತಿಳಿಸಬೇಕು. ಬ್ಯಾಚ್ ಸಂಖ್ಯೆ ಕಾಣುವಂತೆ ಬಾಟಲಿಯ ಫೋಟೋ ತೆಗೆದಿಟ್ಟುಕೊಂಡಿದ್ದರೆ ವರದಿ ಮಾಡುವುದು ಸುಲಭ. ಲಸಿಕೆ ಕೊಟ್ಟ ಕೇಂದ್ರಕ್ಕೆ ತಿಳಿಸಿ, ಅಥವಾ ಔಷಧಗಳ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಸಹಾಯವಾಣಿ 1800-180-3024ಕ್ಕೆ ಉಚಿತವಾಗಿ ಕರೆ ಮಾಡಿ.