ಹಕ್ಕಿಯ ಕಾಲುಂಗುರಕ್ಕೆ ಸೇನೆಯ ದುಡ್ಡು

1957. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಯವರೂ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿದಾಗ ಸಿಕ್ಕ ವೈರಸ್, ರಷ್ಯಾದಲ್ಲಿ ಉಣ್ಣೆ ಕಚ್ಚಿ ಬರುವ ಮೆದುಳು ಜ್ವರದ ವೈರಸ್‌ಗೆ ಹತ್ತಿರದ ನೆಂಟ! ಅಷ್ಟು ದೂರದ ಕಾಯಿಲೆ ಮಲೆನಾಡಿಗೆ ಹೇಗೆ ಬಂತು? ಚಳಿಗಾಲಕ್ಕೆ ಸೈಬೀರಿಯಾದಿಂದ ಬರುವ ಹಕ್ಕಿಗಳ ಮೈಮೇಲೆ ಉಣ್ಣೆಗಳೂ ಬಂದಿರಬಹುದು ಎಂಬ ಅನುಮಾನ ಹುಟ್ಟಿತು.

ಪಕ್ಷಿತಜ್ಞ ಸಲೀಂ ಅಲಿಯವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂದು ತಿಳಿಯಲು ಅವನ್ನು ಹಿಡಿದು ಕಾಲಿಗೆ ಗುರುತಿನ ಉಂಗುರ ತೊಡಿಸಲು ಶುರು ಮಾಡಿತು. ಮೊದಲು ನೆರವಿಗೆ ಬಂದದ್ದು ವಿಶ್ವ ಆರೋಗ್ಯ ಸಂಸ್ಥೆ. ಆಮೇಲೆ ದುಡ್ಡು ಬಂದದ್ದು ಅಮೆರಿಕದ ಸೇನೆಯಿಂದ. 1963ರಲ್ಲಿ ಅಮೆರಿಕದ ಪಕ್ಷಿವಿಜ್ಞಾನಿ ಎಲಿಯಟ್ ಮೆಕ್‌ಕ್ಲೂರ್ ಮುಂದಾಳತ್ವದಲ್ಲಿ ಏಷ್ಯಾದ ಹಲವು ದೇಶಗಳಲ್ಲಿ ವಲಸೆ ಹಕ್ಕಿಗಳ ರೋಗ ಸಮೀಕ್ಷೆ ಶುರುವಾಯಿತು. ಅದರಲ್ಲಿ ನಾವೂ ಸೇರಿಕೊಂಡೆವು.

ಸೇನೆಗೂ ಹಕ್ಕಿಗೂ ಏನು ಸಂಬಂಧ ಅಂತ ಅನ್ನಿಸಬಹುದು, ಅಲ್ವಾ? ಹಿಂದಿನ ಕಾಲದ ಯುದ್ಧಗಳಲ್ಲಿ ಗುಂಡಿಗಿಂತ ಜ್ವರಕ್ಕೆ ಬಲಿಯಾದ ಸೈನಿಕರೇ ಜಾಸ್ತಿ. 1900ರಲ್ಲಿ ಕ್ಯೂಬಾದಲ್ಲಿ ಹಳದಿ ಜ್ವರವನ್ನು ಹರಡುವುದು ಸೊಳ್ಳೆ ಎಂದು ತೋರಿಸಿಕೊಟ್ಟದ್ದು ವಾಲ್ಟರ್ ರೀಡ್ ಎಂಬ ಸೇನಾ ವೈದ್ಯರ ತಂಡ. ಮುಂದೆ ಕೈರೋ, ಬ್ಯಾಂಕಾಕ್, ಜಕಾರ್ತಗಳಲ್ಲಿ ಅಮೆರಿಕದ ಸೇನೆ, ನೌಕಾಪಡೆಗಳ ಲ್ಯಾಬ್‌ಗಳು ತಲೆಯೆತ್ತಿದವು.

ಆದರೆ ಯಾವ ಹಕ್ಕಿ ಯಾವ ದಾರಿಯಲ್ಲಿ ಯಾವ ರೋಗಾಣು ಹೊರುತ್ತದೆ ಎಂಬ ಮಾಹಿತಿ ವೈದ್ಯನಿಗೆ ಎಷ್ಟು ಬೇಕೋ, ರೋಗಾಣುವಿನ ಆಯುಧ ಮಾಡುವವನಿಗೂ ಅಷ್ಟೇ ಬೇಕು. ಅಮೆರಿಕ ಅಂಥ ಆಯುಧಗಳ ತಯಾರಿಕೆ ಕೈಬಿಟ್ಟದ್ದೇ 1969ರಲ್ಲಿ. ಹಾಗಾಗಿ 1975ರಲ್ಲಿ ನಮ್ಮ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಈ ಸಮೀಕ್ಷೆಯನ್ನು ಸಂಶಯದಿಂದ ನೋಡಿದ್ದನ್ನು ಅತಿರೇಕ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಕೆಲಸ ಮಾಡಿದ ವಿಜ್ಞಾನಿಗಳು ಒಳ್ಳೆಯವರೇ ಇರಬಹುದು. ದುಡ್ಡಿನ ಮೂಲ ಕೇಳುವುದು ತಪ್ಪಲ್ಲ.

1996ರಲ್ಲಿ ಅಧ್ಯಕ್ಷ ಕ್ಲಿಂಟನ್ ಹೊಸ ಸೋಂಕುಗಳ ಜಾಗತಿಕ ನಿಗಾವನ್ನು ಅಮೆರಿಕದ ಸೇನೆಗೆ ಅಧಿಕೃತವಾಗಿಯೇ ಒಪ್ಪಿಸಿದರು. ಅದು ಫಲ ಕೊಟ್ಟದ್ದೂ ಉಂಟು. 2009ರಲ್ಲಿ ಎಚ್1ಎನ್1 ಹಂದಿಜ್ವರ ಅಮೆರಿಕದಲ್ಲಿ ಮೊದಲು ಬಯಲಾಗುವುದರಲ್ಲಿ ಸ್ಯಾನ್ ಡಿಯಾಗೋದ ನೌಕಾಪಡೆ ಲ್ಯಾಬ್‌ನ ಕೈಯೂ ಇತ್ತು. ಮರುವರ್ಷ ಇಂಡೋನೇಷ್ಯಾದ ಜಕಾರ್ತದ ಲ್ಯಾಬ್‌ಗೆ ಬೀಗ ಬಿತ್ತು. ತಮ್ಮ ದೇಶದ ಹಕ್ಕಿಜ್ವರದ ಸ್ಯಾಂಪಲ್ ಯಾರ ಕೈಗೆ ಹೋಗುತ್ತದೆ, ಅದರಿಂದ ಲಾಭ ಯಾರಿಗೆ ಎಂದು ಅಲ್ಲಿನ ಆರೋಗ್ಯ ಸಚಿವೆ ಸಿತಿ ಫಾದಿಲಾ ಸುಪಾರಿ ವರ್ಷಗಟ್ಟಲೆ ಜಗಳ ಕಾದಿದ್ದರು.

ಅಂದ ಹಾಗೆ, ರಾಜಸ್ಥಾನದ ಭರತಪುರದಲ್ಲಿ ಉಂಗುರ ತೊಟ್ಟ ಹಕ್ಕಿಗಳು ಸೈಬೀರಿಯಾದಲ್ಲೇನೋ ಸಿಕ್ಕವು. ಮಂಗನ ಕಾಯಿಲೆಯನ್ನು ಅವು ಹೊತ್ತು ತಂದವು ಎಂಬುದು ಮಾತ್ರ ಸಾಬೀತಾಗಲಿಲ್ಲ.